ಮಂಗ ಹಿಡಿಸುವ ಮೊದಲು: ಬಾರ್ಕೂರು ಸುತ್ತಿನ ತೋಟದವರಿಗೊಂದು ಬಹಿರಂಗ ಪತ್ರ

ಬಾರ್ಕೂರಿನ ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿಗಳ, ಹಾಗೆಯೇ ಹೇರಾಡಿ, ಹನೆಹಳ್ಳಿ, ಕಚ್ಚೂರು, ಯಡ್ತಾಡಿ ಕಡೆಯ ಎಲ್ಲ ತೋಟದವರಿಗೆ,



ಈ ವರ್ಷವೂ ಚಂದಾದ ಮಾತು ಎದ್ದಿದೆ. ಮನೆಗೆ ಇಂತಿಷ್ಟು ಎಂದು ಹಾಕುವುದು, ಬೋನು ತರುವ ಜನರನ್ನು ಕರೆಸುವುದು, ಊರಿನ ಮಂಗಗಳನ್ನೆಲ್ಲ ಹಿಡಿಸಿ ರಾತ್ರೋರಾತ್ರಿ ಘಟ್ಟ ಹತ್ತಿಸಿ ಬಿಟ್ಟು ಬರುವುದು. ಕಳೆದ ವಾರ ಪಟ್ಟಿ ಹಿಡಿದು ನಮ್ಮ ಮನೆಗೂ ಇಬ್ಬರು ಬಂದಿದ್ದರು. ಇಬ್ಬರೂ ನನಗೆ ಬೇಕಾದವರೇ. ಒಬ್ಬರ ತೋಟಕ್ಕೂ ನನ್ನ ತೋಟಕ್ಕೂ ನಡುವೆ ಒಂದು ತೋಡು ಮಾತ್ರ ಇದೆ. ಬೆಲ್ಲ ನೀರು ಕುಡಿದರು, ಮಳೆಯ ಮಾತಾಯಿತು, ಆಮೇಲೆ ಪಟ್ಟಿ ಮುಂದಿಟ್ಟರು. ನಾನು ಹೆಸರು ಬರೆಸಲಿಲ್ಲ. ಅವರ ಮುಖ ಸಣ್ಣಗಾದದ್ದು ಕಂಡಿತು. ಜಗಲಿಯಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವ ಕಾರಣ ಅದಾಗಿರಲಿಲ್ಲ. ಎಲ್ಲರಿಗೂ ಒಟ್ಟಿಗೇ ಹೇಳೋಣ ಎಂದು ಈ ಪತ್ರ ಬರೆಯುತ್ತಿದ್ದೇನೆ.

ನಷ್ಟ ಏನೆಂದು ನನಗೆ ಗೊತ್ತಿಲ್ಲದ್ದಲ್ಲ. ನನಗಿರುವುದು 62 ತೆಂಗಿನ ಮರ, ನಡುನಡುವೆ ಒಂದಿಷ್ಟು ಬಾಳೆ, ಮನೆ ಹಿಂದೆ ಬಸಳೆ ಚಪ್ಪರ, ಅಲಸಂಡೆ ಸಾಲು. ಹೋದ ಮಾರ್ಚಿನ ಒಂದು ಬೆಳಿಗ್ಗೆ ಬಾವಿಕಟ್ಟೆ ಪಕ್ಕದ ಒಂದೇ ಮರದ ಬುಡದಲ್ಲಿ 23 ಎಳೆ ಬೊಂಡ ಹೆಕ್ಕಿದೆ. ತೊಟ್ಟಿನ ಹತ್ತಿರ, ಸಿಪ್ಪೆ ಮೆತ್ತಗಿರುವ ಕಡೆಯೇ ನೋಡಿ ಹಲ್ಲಿನಿಂದ ಕೊರೆದ ತೂತು. ಎರಡು ಗುಟುಕು ನೀರು ಕುಡಿದು ಕೆಳಗೆ ಬಿಟ್ಟದ್ದು. ಕೆಲವಕ್ಕೆ ಹಲ್ಲು ಕೂಡ ತಾಗಿರಲಿಲ್ಲ, ಕಿತ್ತು ಎಸೆದದ್ದಷ್ಟೇ. ಹತ್ತು ಗಂಟೆಯಾಗುವಾಗ ಆ ತೂತುಗಳಿಗೆಲ್ಲ ಇರುವೆ ಮುತ್ತಿತ್ತು. ಅಷ್ಟೂ ಬಲಿತು ಕಾಯಾಗಿದ್ದರೆ ಎಷ್ಟು ದಿನದ ಪದಾರ್ಥ, ಎಷ್ಟು ರೂಪಾಯಿ ಎಂಬ ಲೆಕ್ಕವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳು ಬೆಂಗಳೂರು, ಮುಂಬಯಿ, ದುಬೈ ಸೇರಿ, ವಯಸ್ಸಾದ ಇಬ್ಬರೇ ಉಳಿದ ಮನೆಗಳ ಪಾಡು ಇನ್ನೂ ಕಷ್ಟ. ಮೊಣಗಂಟು ನೋವಿನವರು ಕೋಲು ಊರಿಕೊಂಡು ಹಿತ್ತಲಿಗೆ ಬರುವಷ್ಟರಲ್ಲಿ ಹಿಂಡು ಮಾಡು ಹತ್ತಿ, ಹಂಚು ಜಾರಿಸಿ, ಆಚೆ ತೋಟಕ್ಕೆ ದಾಟಿರುತ್ತದೆ. ಜಾರಿದ ಹಂಚು ಸರಿಮಾಡಲು ಆಳು ಸಿಗುವುದಿಲ್ಲ. ಮೊದಲ ಮಳೆಗೆ ಚಾವಡಿಯಲ್ಲಿ ಪಾತ್ರೆ ಇಡಬೇಕಾಗುತ್ತದೆ.

ರಾಮಾಯಣದ ಸುಂದರಕಾಂಡದಲ್ಲಿ ಮಧುವನದ ಪ್ರಸಂಗ ಬರುತ್ತದಲ್ಲ. ಸೀತೆ ಸಿಕ್ಕಿದ ಖುಷಿಯಲ್ಲಿ ಕಪಿಗಳ ದಂಡು ಸುಗ್ರೀವ ಕಾಯ್ದಿರಿಸಿದ್ದ ತೋಟಕ್ಕೆ ನುಗ್ಗಿ ಜೇನು ಕುಡಿದು, ಮರ ಮುರಿದು, ತಡೆಯಲು ಬಂದ ಕಾವಲಿನವರಿಗೇ ಹೊಡೆಯುತ್ತದೆ. ಆ ತೋಟ ಕಾಯುತ್ತಿದ್ದವನು ಸುಗ್ರೀವನ ಸೋದರಮಾವ ದಧಿಮುಖ. ಅವನು ದೂರು ತಂದರೆ ಸುಗ್ರೀವನಿಗೆ ಸಿಟ್ಟು ಬರುವುದಿಲ್ಲ, ಸಂತೋಷವೇ ಆಗುತ್ತದೆ. ಹೋದ ಕೆಲಸ ಕೈಗೂಡದೆ ಇವರು ನನ್ನ ತೋಟ ಮುಟ್ಟುವವರಲ್ಲ ಎಂದು ಅವನ ಎಣಿಕೆ. ಸಣ್ಣವನಿದ್ದಾಗ ಗದ್ದೆಯಲ್ಲಿ ಕಂಬಳಿ ಹೊದ್ದು ಯಕ್ಷಗಾನದ ಆಟ ನೋಡುತ್ತಿದ್ದ ನನಗೆ ಹನುಮಂತನ ಮೇಲೆಯೇ ಕಣ್ಣು. ತೋಟ ಕೈಗೆ ಬಂದ ಮೇಲೆ ದಧಿಮುಖನ ನೆನಪು ಹೆಚ್ಚು. ಅವನ ನಷ್ಟವೆಷ್ಟು ಎಂದು ಆ ದಿನ ಯಾರೂ ಕೇಳಲಿಲ್ಲ. ನಮ್ಮದನ್ನೂ ಯಾರೂ ಕೇಳುತ್ತಿಲ್ಲ ಎಂಬ ನಿಮ್ಮ ಸಿಟ್ಟು ನನ್ನದೂ ಹೌದು.

ಆದರೆ ಆ ಸಿಟ್ಟಿನಲ್ಲಿ ನಾವು ಇನ್ನೊಂದು ಮಂಗವನ್ನು ಕಟ್ಟಿ ನಿಲ್ಲಿಸಿದ್ದೇವೆ. ಜಗಲಿಯಲ್ಲಿ, ಹೋಟೆಲಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ನಮ್ಮ ಬಾಯಲ್ಲಿ ಬರುವ ಮಂಗ ಹೊಡೆದವನ ಮನೆಯನ್ನು ನೆನಪಿಟ್ಟು ಹುಡುಕಿ ಬರುತ್ತದೆ, ಬೇಕೆಂದೇ ಹಂಚು ಒಡೆಯುತ್ತದೆ, ಹಸಿವಿಗಲ್ಲ, ಹಾಳುಮಾಡುವುದಕ್ಕೇ ಬರುತ್ತದೆ. 14ನೇ ಶತಮಾನದಲ್ಲಿ ಈ ದಾರಿಯಾಗಿ ಹೋದ ಇಬ್ನ್ ಬತೂತ 'ಫಾಕನೂರ್' ಎಂದು ಬರೆದ ಊರು ನಮ್ಮ ಬಾರ್ಕೂರೇ ಎನ್ನುತ್ತಾರೆ. ಇಲ್ಲಿಯ ಕಬ್ಬನ್ನು ಹೊಗಳಿದ ಆ ಪ್ರವಾಸಿ ಮುಂದೆ ಸಿಂಹಳಕ್ಕೆ ಹೋದಾಗ ಅಲ್ಲಿಯ ಮಂಗಗಳ ಬಗ್ಗೆಯೂ ಬರೆದಿದ್ದಾನೆ. ಅವುಗಳಿಗೊಬ್ಬ ಒಡೆಯನಂತೆ, ತಲೆಗೆ ಎಲೆಯ ಪಟ್ಟಿ ಕಟ್ಟಿ ಕೋಲು ಊರಿಕೊಂಡಿರುತ್ತಾನಂತೆ, ಕೋಲು ಹಿಡಿದ ನಾಲ್ಕು ಮಂಗಗಳು ಅವನಿಗೆ ಕಾವಲಂತೆ. ಕಂಡದ್ದಕ್ಕೆ ಕೇಳಿದ್ದು ಸೇರಿ ಹೊಸದೊಂದು ಪ್ರಾಣಿಯೇ ಹುಟ್ಟಿತು. ನಮ್ಮ ಜಗಲಿಯ ಮಂಗ ಹುಟ್ಟಿದ್ದೂ ಹಾಗೆಯೇ. ಅದು ಇರುವುದು ನಮ್ಮ ಮಾತಿನೊಳಗೆ, ಬೋನಿಗೆ ಬೀಳುವುದು ಮಾತ್ರ ಮರದ ಮೇಲಿನದ್ದು.

ಮರದ ಮೇಲಿನದ್ದನ್ನು ಸ್ವಲ್ಪ ನೋಡೋಣ. ಅದು ಟೋಪಿ ಮಂಗ. ನೆತ್ತಿಯ ನಡುವಿನಿಂದ ಕೂದಲು ಸುತ್ತಲೂ ಹರಡಿ ಟೋಪಿ ಇಟ್ಟಂತೆ ಕಾಣುವುದರಿಂದ ಆ ಹೆಸರು. ದಕ್ಷಿಣ ಭಾರತದ ಆಚೆಗೆ ಜಗತ್ತಿನಲ್ಲಿ ಎಲ್ಲೂ ಅದು ಕಾಡಿನಲ್ಲಿ ಸಿಗುವುದಿಲ್ಲ. ಹೆರುವುದು ಒಂದು ಸಲಕ್ಕೆ ಒಂದು ಮರಿ. ಕೆನ್ನೆಯೊಳಗೆ ಎರಡು ಚೀಲಗಳಿವೆ. ಹೆದರಿಕೆಯ ಜಾಗದಲ್ಲಿ ಸಿಕ್ಕಿದ್ದನ್ನು ಗಬಗಬ ತುಂಬಿಕೊಂಡು, ಭಯವಿಲ್ಲದ ಮರಕ್ಕೆ ಹೋಗಿ ನಿಧಾನ ಜಗಿಯುವುದಕ್ಕೆ. ಕಳ್ಳನ ಗಡಿಬಿಡಿ ಎಂದು ನಮಗೆ ಕಾಣುವುದು ಅದರ ಮೈಯಲ್ಲೇ ಇರುವ ಏರ್ಪಾಡು. ಅರ್ಧ ತಿಂದು ಬಿಸಾಡುವುದೂ ಕಾಡಿನ ಅಭ್ಯಾಸವೇ. ಹಾಡಿಯಲ್ಲಿ ಹಾಗೆ ಬಿದ್ದ ಬೀಜದಿಂದ ಗಿಡ ಹುಟ್ಟುತ್ತದೆ. ನಮ್ಮ ತೆಂಗಿನ ಬುಡದಲ್ಲಿ ನಮ್ಮ ಹೊಟ್ಟೆ ಉರಿಯುತ್ತದೆ.

ಅದಕ್ಕೆ ಬುದ್ಧಿ ಇದೆಯೇ? ಖಂಡಿತ ಇದೆ, ಮತ್ತು ಆ ಬುದ್ಧಿಯ ದೊಡ್ಡ ಭಾಗ ಕಲಿಯುವುದರಲ್ಲಿದೆ. ಬಂಡೀಪುರದ ಟೋಪಿ ಮಂಗಗಳು ಮನುಷ್ಯರ ಕೈಯಲ್ಲಿ ತಿಂಡಿ ಕಂಡರೆ ಒಂದು ಬಗೆಯ ಕೂಗು ಹಾಕಿ, ಕೈ ಮುಂದೆ ಚಾಚಿ ಕೇಳುತ್ತವೆ ಎಂದು ಅನಿಂದ್ಯ ಸಿನ್ಹ ಮತ್ತು ಅವರ ಜೊತೆಗಾರರು 2018ರಲ್ಲಿ ಬರೆದರು. ಎದುರಿನವರು ನೋಡುತ್ತಿದ್ದಾರೋ ಇಲ್ಲವೋ ಎಂದು ಗಮನಿಸಿ, ಕೊಡುವವರೆಗೂ ಕಾದು ಕೇಳುವುದು. ಬಾಲಿ ದ್ವೀಪದ ಉಲುವಾಟು ದೇವಸ್ಥಾನದಲ್ಲಿ ಬೇರೆ ಜಾತಿಯ ಮಂಗಗಳಿವೆ. ಅವು ಯಾತ್ರಿಕರ ಕನ್ನಡಕ, ಫೋನು, ಚಪ್ಪಲಿ ಕಸಿಯುತ್ತವೆ, ತಿಂಡಿ ಕೊಟ್ಟರೆ ವಾಪಸು ಕೊಡುತ್ತವೆ. ಯಾವ ವಸ್ತು ಹೋದರೆ ಮನುಷ್ಯರು ಹೆಚ್ಚು ಚಡಪಡಿಸುತ್ತಾರೆ ಎಂಬುದು ಅಲ್ಲಿಯ ಬಲಿತ ಮಂಗಗಳಿಗೆ ಗೊತ್ತು, ಅಂಥ ವಸ್ತುವಿಗೆ ಹೆಚ್ಚು ತಿಂಡಿ ಬಂದ ಮೇಲೆಯೇ ಕೈಬಿಡುತ್ತವೆ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ತೋರಿಸಿತು. ಮರಿಗಳಿಗೆ ಆ ಲೆಕ್ಕ ಗೊತ್ತಿರುವುದಿಲ್ಲ, ಬೆಳೆಯುತ್ತ ಕಲಿಯುತ್ತವೆ. ಅಂದರೆ ಹುಟ್ಟಿನಿಂದ ಬಂದ ಕಳ್ಳತನ ಅದಲ್ಲ. ತಿಂಡಿ ಹಿಡಿದು ಎದುರು ನಿಂತ ಮನುಷ್ಯರೇ ದಿನವೂ ಕೊಟ್ಟ ಪಾಠ. ಈ ಮಾತನ್ನು ದಯವಿಟ್ಟು ನೆನಪಿಡಿ, ಮುಂದೆ ನಾನು ಹೇಳುವುದೆಲ್ಲ ಅದರ ಮೇಲೆಯೇ ನಿಂತಿದೆ.

ಈಗ ನನ್ನ ತಪ್ಪು ಹೇಳುತ್ತೇನೆ.

ಒಂಬತ್ತು ವರ್ಷದ ಹಿಂದೆ ನಮ್ಮ ಕಡೆ ಇಂಥದ್ದೇ ಚಂದಾ ಆಯಿತು. ಪಟ್ಟಿ ಹಿಡಿದು ತಿರುಗಿದವರಲ್ಲಿ ನಾನೂ ಒಬ್ಬ. ಯಾರ ಪರವಾನಗಿಯನ್ನೂ ಕೇಳಲಿಲ್ಲ. ಹೊರ ಜಿಲ್ಲೆಯಿಂದ ಮೂವರು ಬಂದರು, ಬೋನು ಇಟ್ಟು ಒಳಗೆ ಬಾಳೆಹಣ್ಣು, ನೆಲಗಡಲೆ ಹಾಕಿದರು. ನಾಲ್ಕು ದಿನದಲ್ಲಿ 19 ಮಂಗ ಬಿದ್ದವು. ಟೆಂಪೋದಲ್ಲಿ ಘಟ್ಟಕ್ಕೆ ಒಯ್ಯುವಾಗ ಊರಿನವರು ಒಬ್ಬರಾದರೂ ಜೊತೆಗಿರಲಿ ಎಂದದ್ದಕ್ಕೆ ನಾನು ಹೋದೆ. ಹಿಂದೆ ಬೋನುಗಳ ಪಕ್ಕದಲ್ಲಿ ಗೋಣಿ ಹಾಸಿ ಕೂತಿದ್ದೆ. ದಾರಿಯುದ್ದಕ್ಕೂ ಅವು ಕೂಗಲಿಲ್ಲ. ತಿರುವು ಶುರುವಾದಾಗ ಒಂದು ಹೆಣ್ಣು ಮಂಗ ಸರಳಿನ ನಡುವಿನಿಂದ ಕೈ ಹೊರಗೆ ಹಾಕಿ ನನ್ನ ಅಂಗಿಯ ತೋಳು ಹಿಡಿಯಿತು. ಎಳೆಯಲಿಲ್ಲ, ಪರಚಲಿಲ್ಲ, ಬೀಳದ ಹಾಗೆ ಹಿಡಿದುಕೊಂಡದ್ದು. ಟಾರ್ಚಿನ ಬೆಳಕಿಗೆ ಕಂಡ ಆ ಬೆರಳುಗಳಲ್ಲಿ ಕಪ್ಪು ಉಗುರು, ಗೆಣ್ಣಿನ ಮೇಲೆ ನೆರಿಗೆ, ಒಂದು ಬೆರಳ ತುದಿಯಲ್ಲಿ ಹಳೇ ಗಾಯದ ಕಲೆ. ಅದರ ಹೊಟ್ಟೆಗೆ ಅಂಟಿಕೊಂಡ ಮರಿ ಇರಲಿಲ್ಲ. ಮೊಲೆ ಹಾಲಿನಿಂದ ಬಿಗಿದಿತ್ತು. ಮರಿ ಬೇರೆ ಬೋನಿನಲ್ಲಿದೆಯೋ, ಹಿಡಿಯುವ ಗಲಾಟೆಯಲ್ಲಿ ತೋಟದಲ್ಲೇ ಉಳಿಯಿತೋ ಎಂದು ಕೇಳಿದೆ. ಅವರು ಗೊತ್ತಿಲ್ಲ ಎಂದರು.

ಘಾಟಿಯ ಒಂದು ತಿರುವಿನಲ್ಲಿ, ಮೋರಿಯ ಪಕ್ಕ, ನಸುಕಿನ ನಾಲ್ಕು ಗಂಟೆಗೆ ಬೋನಿನ ಬಾಗಿಲು ಎತ್ತಿದರು. 19ರಲ್ಲಿ ಎರಡು ಏಳಲಿಲ್ಲ. ಉಳಿದವು ಕಾಡಿಗೆ ಓಡುತ್ತವೆಂದು ನಾನಂದುಕೊಂಡಿದ್ದೆ. ಓಡಲಿಲ್ಲ. ರಸ್ತೆಯ ಅಂಚಿನ ಕಟ್ಟೆಯ ಮೇಲೆ ಕೂತವು. ಬೆಳಕು ಹರಿಯುವಾಗ ಮೇಲಿನಿಂದ ಬಂದ ಒಂದು ಕಾರು ನಿಂತಿತು, ಯಾರೋ ಬಿಸ್ಕತ್ತಿನ ಪೊಟ್ಟಣ ಎಸೆದರು. ಅಲ್ಲಿಯದೇ ಹಿಂಡೊಂದು ಆಚೆ ಮರದಿಂದ ಇಳಿದು ಬಂದು ನಮ್ಮ ಮಂಗಗಳನ್ನು ಕಚ್ಚಿ ಓಡಿಸಿತು. ಮರಿ ಕಳಕೊಂಡದ್ದು ರಸ್ತೆಗೆ ಅಡ್ಡ ಓಡಿತು. ಅದರ ಮುಂದಿನದನ್ನು ನಾನು ನೋಡಲಿಲ್ಲ, ಟೆಂಪೋ ಹೊರಟಿತು.

ಮನೆಗೆ ಬಂದ ಮೂರನೇ ದಿನ, ಹಾಡಿಯ ಗೋಳಿಮರದ ಕೆಳಗೆ ಅಂಗೈ ಅಗಲದ ಮರಿಯೊಂದು ಸತ್ತು ಬಿದ್ದಿತ್ತು. ಇದನ್ನು ಇಷ್ಟು ವರ್ಷ ಮನೆಯವಳ ಹೊರತು ಯಾರಿಗೂ ಹೇಳಿರಲಿಲ್ಲ.

ನಿಮ್ಮ ಮನಸ್ಸು ಕರಗಲಿ ಎಂದು ಮಾತ್ರ ಇದನ್ನು ಹೇಳುತ್ತಿಲ್ಲ. ಆಮೇಲೆ ತೋಟದಲ್ಲಿ ನಡೆದದ್ದನ್ನೂ ಕೇಳಿ. ಐದು ತಿಂಗಳು ನೆಮ್ಮದಿ ಇತ್ತು. ಬೊಂಡ ಉಳಿಯಿತು, ಬಾಳೆಗೊನೆ ಮರದಲ್ಲೇ ಬೆಳೆಯಿತು, ಮಾಡಿ ಒಳ್ಳೆಯದಾಯಿತು ಎಂದೇ ಎಲ್ಲರೂ ಅಂದೆವು. ಆರನೇ ತಿಂಗಳಿಗೆ ಹೊಸ ಹಿಂಡು ಬಂತು. ಖಾಲಿ ಬಿದ್ದ ಜಾಗ, ಅದೇ ತೆಂಗು, ಅದೇ ಹಲಸು; ಬರದೆ ಇರುತ್ತದೆಯೇ? ಅದು ಬಂದ ಮೇಲೆ ನಮಗೆ ಹಳೇ ಹಿಂಡಿನ ಬೆಲೆ ತಿಳಿಯಿತು. ಹಳತು ನಾಯಿ ಬೊಗಳಿದರೆ ಹಾಡಿಗೆ ಸರಿಯುತ್ತಿತ್ತು, ಗಂಡಸರ ದನಿ ಕೇಳಿದರೆ ಮರ ಬದಲಿಸುತ್ತಿತ್ತು. ಮನೆಯೊಳಗೆ ಎಂದೂ ಕಾಲಿಟ್ಟಿರಲಿಲ್ಲ. ಹೊಸ ಹಿಂಡಿಗೆ ಪ್ಲಾಸ್ಟಿಕ್ ಕವರಿನ ಸದ್ದು ಗೊತ್ತು, ಫ್ರಿಜ್ಜಿನ ಬಾಗಿಲು ಗೊತ್ತು. ನೆರೆಮನೆಯ ಅಮ್ಮ ಅಂಗಡಿಯಿಂದ ಬರುವಾಗ ಕೈಚೀಲಕ್ಕೇ ಬಾಯಿ ಹಾಕಿತು. ಕಾಡಿನಿಂದ ಬಂದ ಮಂಗ ಇದನ್ನೆಲ್ಲ ಎಲ್ಲಿ ಕಲಿಯಬೇಕು? ಇನ್ಯಾವುದೋ ಊರಿನವರು, ಇನ್ಯಾವುದೋ ಪೇಟೆಯವರು, ನಮ್ಮ ಹಾಗೆಯೇ ಚಂದಾ ಎತ್ತಿ, ರಾತ್ರೋರಾತ್ರಿ ತಂದು ನಮ್ಮ ಕಡೆ ಇಳಿಸಿ ಹೋದ ಮಂಗಗಳು ಅವು ಎಂದೇ ನನ್ನ ನಂಬಿಕೆ. ನಾವು ಘಟ್ಟಕ್ಕೆ ಕಳಿಸಿದೆವು, ಅವರು ನಮ್ಮಲ್ಲಿಗೆ ಕಳಿಸಿದರು. ದುಡ್ಡು ಕೊಟ್ಟು ಸಣ್ಣ ಕಳ್ಳನನ್ನು ಕಳಿಸಿ ದೊಡ್ಡ ಕಳ್ಳನನ್ನು ತರಿಸಿಕೊಂಡೆವು. ಅದೇ ದುಡ್ಡನ್ನು ಈ ವರ್ಷ ಮತ್ತೆ ಕೊಡಲು ಹೊರಟಿದ್ದೇವೆ.

ಘಟ್ಟದ ಮೇಲಿರುವವರೂ ನಮ್ಮಂಥ ತೋಟದವರೇ ಎಂಬುದನ್ನು ಮರೆಯಬಾರದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದೊಂದಾಗಿ ಸಾಯತೊಡಗಿದಾಗ ಗೊತ್ತಾದದ್ದು ಮಂಗನ ಕಾಯಿಲೆ. ಅದನ್ನು ಹರಡುವುದು ಉಣುಗು. ಕಾಯಿಲೆ ಬಿದ್ದ ಮಂಗದ ರಕ್ತ ಹೀರಿದ ಉಣುಗುಗಳು, ಅದು ಸತ್ತಾಗ ಅಲ್ಲೇ ನೆಲಕ್ಕಿಳಿದು, ಸೊಪ್ಪಿಗೋ ದರಗಿಗೋ ಹೋದವರ ಕಾಲು ಹತ್ತುತ್ತವೆ. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲೂಕಿನ ಅರಳಗೋಡು ಸುತ್ತಿನ ಜನ ಹೇಗೆ ನರಳಿದರು, ಎಷ್ಟು ಮಂದಿಯನ್ನು ನಮ್ಮ ಮಣಿಪಾಲಕ್ಕೇ ತಂದರು ಎಂಬುದು ನಿಮಗೆ ನೆನಪಿರಬಹುದು. ಆ ಕಾಯಿಲೆಯನ್ನು ಕಾಣದ ಮಂಗಗಳನ್ನು ಇಲ್ಲಿಂದ ಒಯ್ದು ಅಂಥ ಕಾಡಿನ ಬುಡದಲ್ಲಿ ಬಿಡುವುದೆಂದರೆ ಆ ಊರುಗಳ ಅಂಗಳಕ್ಕೆ ಅಪಾಯವನ್ನು ಹೊತ್ತು ಹಾಕಿದ ಹಾಗೆ. ನಮ್ಮ ತೆಂಗಿನಕಾಯಿಗಾಗಿ ಅದನ್ನು ಮಾಡಲು ನಮಗೆ ಯಾವ ಹಕ್ಕೂ ಇಲ್ಲ.

ಬೇಲೂರು ತಾಲೂಕಿನ ಚೌಡನಹಳ್ಳಿಯ ಬಳಿ 2021ರ ಜುಲೈಯಲ್ಲಿ ಗೋಣಿಚೀಲಗಳಲ್ಲಿ 38 ಮಂಗಗಳು ಸತ್ತು ಸಿಕ್ಕಿದ ಸುದ್ದಿಯನ್ನು ನೀವೂ ಓದಿದ್ದೀರಿ. ರಾಜ್ಯದ ಹೈಕೋರ್ಟು ತಾನಾಗಿಯೇ ಅದನ್ನು ವಿಚಾರಣೆಗೆ ತೆಗೆದುಕೊಂಡಿತು. ಹಿಡಿಯಲು ಬಂದವರು ಎಲ್ಲಿಗೆ ಒಯ್ಯುತ್ತಾರೆ, ಏನು ಮಾಡುತ್ತಾರೆ ಎಂದು ದುಡ್ಡು ಕೊಟ್ಟವರು ಕೇಳುವುದಿಲ್ಲ. ಕೇಳದಿದ್ದರೆ ಪಾಪ ತಟ್ಟುವುದಿಲ್ಲ ಎಂದಲ್ಲ. ಕಾನೂನೂ ಬಿಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಲ್ಲಿ ಟೋಪಿ ಮಂಗ ಮೊದಲನೇ ಪಟ್ಟಿಯಲ್ಲಿದೆ. ಮುಖ್ಯ ವನ್ಯಜೀವಿ ವಾರ್ಡನ್ ಅವರ ಅನುಮತಿಯಿಲ್ಲದೆ ಬೋನು ಇಡುವುದು ಅಪರಾಧ. ಚಂದಾ ಪಟ್ಟಿಯಲ್ಲಿ ಸಹಿ ಹಾಕಿದವರ ಹೆಸರೂ ಒಂದು ದಿನ ಓದಿಸಿಕೊಳ್ಳಬಹುದು.

ಇಷ್ಟೊಂದು ಇರುವ ಪ್ರಾಣಿಗೆ ರಕ್ಷಣೆ ಯಾಕೆ ಎಂದು ಕೇಳುತ್ತೀರಿ. ನಾನೂ ಕೇಳಿದ್ದೆ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಜೊತೆಗಾರರು ಮೈಸೂರು ಸುತ್ತಿನ ರಸ್ತೆಗಳಲ್ಲಿ ವರ್ಷಗಟ್ಟಲೆ ಈ ಮಂಗಗಳನ್ನು ಎಣಿಸಿದರು. ಸಾಲುಮರಗಳು ಹೋದ ಹಾಗೆ ಹಿಂಡುಗಳೂ ಹೋದವು. ಒಟ್ಟು ಲೆಕ್ಕದಲ್ಲಿ ಅವು ಕಡಿಮೆಯಾಗುತ್ತಿವೆ, ನಮ್ಮ ಕಣ್ಣೆದುರು ಮಾತ್ರ ಹೆಚ್ಚುತ್ತಿವೆ. ಯಾಕೆಂದರೆ ಅವು ಇದ್ದ ಕಡೆ ಇರಲಿಕ್ಕೆ ಏನೂ ಉಳಿದಿಲ್ಲ. ಬ್ರಹ್ಮಾವರದಿಂದ ಕೋಟದವರೆಗೆ ಹೆದ್ದಾರಿ ಅಗಲವಾಗುವಾಗ ಉರುಳಿದ ಗೋಳಿಮರಗಳನ್ನು ನೆನಪಿಸಿಕೊಳ್ಳಿ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಗೋಳಿ ಹಣ್ಣಾದರೆ ಹದಿನೈದು ದಿನ ಹಿಂಡು ಅಲ್ಲೇ ಠಿಕಾಣಿ, ತೋಟದ ಕಡೆ ತಲೆ ಹಾಕುತ್ತಿರಲಿಲ್ಲ. ಹಾಡಿ ಸವರಿ ಅಕೇಶಿಯಾ ಎದ್ದಿತು, ರಬ್ಬರ್ ಎದ್ದಿತು, ಸೈಟು ಎದ್ದಿತು. ಹೆಬ್ಬಲಸು, ನೇರಳೆ, ಅತ್ತಿ, ಮುರುಗಲು ಇದ್ದ ಕಡೆ ಮಂಗಕ್ಕೆ ತಿನ್ನುವಂಥ ಒಂದು ಎಲೆಯೂ ಇಲ್ಲ.

ಹಾಗಾದರೆ ಸುಮ್ಮನೆ ತಿನ್ನಲು ಬಿಡುವುದೇ ಎಂದರೆ, ಖಂಡಿತ ಬೇಡ. ಕಾಯಬೇಕು. ನಮ್ಮ ಅಜ್ಜಿ ಕಾಯುತ್ತಿದ್ದಳು. ಬೆಳಿಗ್ಗೆ ಗಂಜಿ ಆದ ಮೇಲೆ ಎಣ್ಣೆಯ ಖಾಲಿ ಡಬ್ಬಿ, ಒಂದು ಸೌಟು ಹಿಡಿದು ಹಟ್ಟಿಯ ಮಗ್ಗುಲಲ್ಲಿ ಕೂರುತ್ತಿದ್ದಳು. ತೋಡಿನ ಆಚೆಯ ಮನೆಯಲ್ಲಿ ಡಬ್ಬಿ ಸದ್ದು ಕೇಳಿದರೆ, "ಮಂಗ ಬಂತ್ ಕಾಣ್, ಬಡಿ ಮಗಾ" ಎನ್ನುವಳು. ನಾವು ಬಡಿದರೆ ನಮ್ಮ ಆಚೆಯವರು ಬಡಿಯುತ್ತಿದ್ದರು. ಹೀಗೆ ಒಂದು ಮನೆಯಿಂದ ಇನ್ನೊಂದಕ್ಕೆ ಸದ್ದು ದಾಟಿ, ಎಲ್ಲೂ ಇಳಿಯಲು ಬಿಡದೆ ಹಿಂಡನ್ನು ಹಾಡಿಗೆ ಮುಟ್ಟಿಸುತ್ತಿದ್ದರು. ಹಾಡಿಯೊಳಗೆ ಹೋದ ಮೇಲೆ ಯಾರೂ ಬೆನ್ನು ಹತ್ತುತ್ತಿರಲಿಲ್ಲ. "ಅದ್ಕೂ ಹೊಟ್ಟಿ ಇಲ್ಯಾ" ಎಂದು ಡಬ್ಬಿ ಕೆಳಗಿಡುತ್ತಿದ್ದಳು. ಆ ಕಾವಲಿನ ಗುಟ್ಟು ಇರುವುದು ಸದ್ದಿನಲ್ಲಿ ಅಲ್ಲ, ಒಬ್ಬರೂ ತಪ್ಪದೆ ಬಡಿಯುವುದರಲ್ಲಿ. ಈಗ ನಾವು ಗರ್ನಾಲು ಹೊಡೆಯುತ್ತೇವೆ, ಪೈಪಿನ ಕೋವಿ ಸಿಡಿಸುತ್ತೇವೆ. ವಾರದಲ್ಲಿ ಅದು ಬರೀ ಸದ್ದು ಎಂದು ಮಂಗ ಕಲಿಯುತ್ತದೆ. 2019ರಲ್ಲಿ ತೀರ್ಥಹಳ್ಳಿ ತಾಲೂಕಿನ ನಲ್ಲೂರಿನ ಕೃಷಿಕರೊಬ್ಬರು ಮಂಗ ಹೆದರಿಸಲು ಇಟ್ಟ ಹುಲಿಗೊಂಬೆಯ ಬಣ್ಣ ಬಿಸಿಲಿಗೆ ಮಾಸಿದ್ದನ್ನು ಕಂಡು ತಮ್ಮ ನಾಯಿಗೇ ಹುಲಿಯ ಪಟ್ಟೆ ಬಳಿದ ಸುದ್ದಿ ದೇಶವೆಲ್ಲ ಓಡಾಡಿತು. ಅವರ ಕಷ್ಟ ಎಷ್ಟಿರಬೇಕು ಎಂದು ನನಗೆ ಅರ್ಥವಾಗುತ್ತದೆ. ನಿಂತಲ್ಲೇ ನಿಂತ ಗೊಂಬೆಗಿಂತ ಓಡಾಡುವ ನಾಯಿ ಮೇಲು ಎಂದು ಅವರು ಕಂಡುಕೊಂಡದ್ದರಲ್ಲಿ ನಿಜವಿದೆ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಎತ್ತಿದ ಚಂದಾ ಬೋನಿನವರಿಗೆ ಹೋಗದಿರಲಿ. ಆ ದುಡ್ಡಿನಲ್ಲಿ ನಮ್ಮೂರಿನದೇ ಇಬ್ಬರು ಹುಡುಗರಿಗೆ ಜನವರಿಯಿಂದ ಮೇ ಕೊನೆಯವರೆಗೆ ಸಂಬಳ ಕೊಟ್ಟು ಕಾವಲಿಗೆ ನಿಲ್ಲಿಸೋಣ. ಹಿಂಡು ಇಳಿಯುವುದು ಹೆಚ್ಚಾಗಿ ಬೆಳಿಗ್ಗೆ ಏಳರಿಂದ ಹತ್ತು, ಮತ್ತೆ ಸಂಜೆ ನಾಲ್ಕರ ಮೇಲೆ. ಅಷ್ಟು ಹೊತ್ತು ನಾಯಿಯ ಜೊತೆ ಅವರು ತಿರುಗಿದರೆ ಸಾಕು. ಡಬ್ಬಿಯ ಬದಲು ಎಲ್ಲರ ಕೈಯಲ್ಲೂ ಫೋನಿದೆ. ಮೂಡುಕೇರಿಯಲ್ಲಿ ಕಂಡದ್ದು ಚೌಳಿಕೇರಿಗೆ ತಿಳಿಯಲು ಒಂದು ನಿಮಿಷ ಬೇಡ. ವಯಸ್ಸಾದವರಷ್ಟೇ ಇರುವ ಮನೆಗಳಿಗೆ ಮೊದಲು ಓಡುವ ಕಟ್ಟಳೆ ಮಾಡಿಕೊಳ್ಳೋಣ. ಮಾಡಿನ ಮೇಲೆ ಚಾಚಿದ ಗೆಲ್ಲುಗಳನ್ನು ಮಳೆಗೆ ಮೊದಲೇ ಕಡಿಸೋಣ, ಅರ್ಧ ಹಂಚು ಅದರಿಂದಲೇ ಉಳಿಯುತ್ತದೆ. ಒಂಟಿ ತೆಂಗಿಗೆ ತಗಡು ಸುತ್ತಿದರೆ ಉಪಯೋಗವುಂಟು. ಗರಿಗೆ ಗರಿ ತಾಗುವ ತೋಟದಲ್ಲಿ ಅದಕ್ಕೆ ದುಡ್ಡು ಹಾಕಬೇಡಿ.

ಇನ್ನೊಂದು ಮಾತು ಸ್ವಲ್ಪ ಖಾರವಾಗಿ ಹೇಳಬೇಕಾಗಿದೆ, ಮನ್ನಿಸಿ. ಬೋನು ತರಿಸಲು ಮುಂದೆ ನಿಂತ ನಾವೇ ಶನಿವಾರ ದೇವಸ್ಥಾನದ ಎದುರು ಬಾಳೆಹಣ್ಣು ಹಂಚುತ್ತೇವೆ. ಮದುವೆ, ಉತ್ಸವ, ಸಂತರ್ಪಣೆ ಮುಗಿದ ಮೇಲೆ ಎಂಜಲೆಲೆಗಳನ್ನು ತೋಡಿನ ಬದಿಗೆ ರಾಶಿ ಹಾಕುತ್ತೇವೆ. ಘಾಟಿಯಲ್ಲಿ ಕಾರು ನಿಲ್ಲಿಸಿ ಮಕ್ಕಳ ಕೈಯಿಂದ ಬಿಸ್ಕತ್ತು ಎಸೆಸಿ ಫೋಟೊ ತೆಗೆಯುತ್ತೇವೆ. ಮೊದಲು ಕೈ ಚಾಚಿ ಕೇಳಲು, ಕೊಡದಿದ್ದರೆ ಕಸಿಯಲು ಮಂಗ ಕಲಿತದ್ದು ಅಲ್ಲಿ. ಹನುಮಂತನ ಮೇಲಿನ ಭಕ್ತಿ ನನಗೂ ಇದೆ. ಆ ಬಾಳೆಹಣ್ಣನ್ನು ದೇವರಿಗೆ ನೈವೇದ್ಯ ಮಾಡಿ ನಾವೇ ತಿನ್ನೋಣ, ಎಂಜಲೆಲೆಯನ್ನು ಗುಂಡಿ ತೆಗೆದು ಮುಚ್ಚೋಣ. ದೇವಸ್ಥಾನಗಳ ಆಡಳಿತದವರಿಗೆ ನಾವೆಲ್ಲ ಒಟ್ಟಾಗಿ ಹೋಗಿ ವಿನಂತಿಸಿದರೆ ಅವರು ಇಲ್ಲ ಎನ್ನಲಾರರು.

ನಷ್ಟವನ್ನು ಬರೆದಿಡಿ. ಯಾವ ದಿನ, ಎಷ್ಟು ಬೊಂಡ, ಎಷ್ಟು ಗೊನೆ, ಎಷ್ಟು ಹಂಚು, ಫೋಟೊ ಇರಲಿ. ಒಬ್ಬರು ಹೋಗಿ ಗೊಣಗಿದರೆ ಯಾರೂ ಕೇಳುವುದಿಲ್ಲ. ನೂರು ಮನೆಯ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿಸಿ, ವಲಯ ಅರಣ್ಯಾಧಿಕಾರಿಗಳಿಗೆ ಬರಹದಲ್ಲಿ ಕೊಟ್ಟರೆ ಉತ್ತರ ಕೊಡಲೇಬೇಕಾಗುತ್ತದೆ. ಹಿಮಾಚಲ ಪ್ರದೇಶದಲ್ಲಿ ಅಲ್ಲಿಯ ಸರಕಾರ ತಾನೇ ಹೊಣೆ ಹೊತ್ತು ಮಂಗಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸುತ್ತ ಬಂದಿದೆ. ಅದು ನಮ್ಮಲ್ಲಿಗೆ ಹೊಂದುತ್ತದೆಯೋ ಇಲ್ಲವೋ ಎಂದು ಬಲ್ಲವರು ಹೇಳಲಿ, ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದವರನ್ನೂ ಕೂರಿಸಿ ಕೇಳೋಣ. ಆ ಕೆಲಸ ಸರಕಾರದ್ದು, ರಾತ್ರಿ ಟೆಂಪೋದ್ದಲ್ಲ.

ಕೊನೆಯದಾಗಿ ಹಾಡಿ. ನಾಗಬನದ ಸುತ್ತ, ತೋಡಿನ ದಂಡೆಯಲ್ಲಿ, ಗೇರುಗುಡ್ಡೆಯ ಮೂಲೆಯಲ್ಲಿ ಎಲ್ಲರಿಗೂ ಒಂದಿಷ್ಟು ಖಾಲಿ ಜಾಗ ಇದೆ. ಈ ಮಳೆಗಾಲದಲ್ಲಿ ಮನೆಗೆ ಎರಡು ಗಿಡ: ಗೋಳಿ, ಅತ್ತಿ, ನೇರಳೆ, ಹೆಬ್ಬಲಸು. ನಾನು ಆ ಮರಿ ಬಿದ್ದಿದ್ದ ಹಾಡಿಯಲ್ಲಿ ಎಂಟು ವರ್ಷದ ಹಿಂದೆ ಇಟ್ಟ ಅತ್ತಿ ಹೋದ ವರ್ಷ ಕಾಯಿ ಬಿಟ್ಟಿತು. ಕಾಯಿ ಇದ್ದಷ್ಟು ದಿನ ಹಿಂಡು ಅಲ್ಲೇ ಇತ್ತು, ನನ್ನ ಬಾಳೆಗೊನೆ ಎರಡು ಉಳಿಯಿತು. ದೊಡ್ಡ ಲಾಭವಲ್ಲ, ನಾನು ಕಣ್ಣಾರೆ ಕಂಡದ್ದು ಇಷ್ಟು.

ಪಟ್ಟಿ ತಂದ ಇಬ್ಬರಲ್ಲೂ ಒಂದು ವಿನಂತಿ. ನನ್ನ ಹೆಸರಿನ ಎದುರು ಖಾಲಿ ಬಿಟ್ಟಿದ್ದೀರಲ್ಲ, ಅಲ್ಲಿ ನೀವು ಕೇಳಿದಷ್ಟೇ ಮೊತ್ತವನ್ನು ಬರೆದುಕೊಳ್ಳಿ, ಕಾವಲಿನ ಲೆಕ್ಕಕ್ಕೆ. ಒಂಬತ್ತು ವರ್ಷದ ಹಿಂದೆ ಬೋನಿಗೆ ಕೊಟ್ಟಷ್ಟನ್ನು ಗಿಡದ ಲೆಕ್ಕಕ್ಕೆ ಬೇರೆಯೇ ಕೊಡುತ್ತೇನೆ. ಬರುವ ಭಾನುವಾರ ಸಂಜೆ ನಮ್ಮ ಅಂಗಳದಲ್ಲಿ ಎಲ್ಲರೂ ಸೇರೋಣ. ಒಪ್ಪದವರು ತಪ್ಪದೆ ಬನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಬಾರ್ಕೂರಿನ ಒಬ್ಬ ತೋಟದವ